ಮಗುವಿನ ಕೈಗೊಂದು ಹಿಟ್ಟಿನ ಉಂಡೆ

“ಅಕ್ಕಾರ, ಮನ್ಯಾಗ ಹಳೇ ರಟ್ಟಿನ ಡಬ್ಬಿ ಐತೇನ್ರಿ?”

ಪಕ್ಕದ ಮನೆಯವಳು ಕಾಂಪೌಂಡ್ ಗೋಡೆಯ ಮೇಲೆ ಎರಡೂ ಮೊಣಕೈ ಊರಿ ನಿಂತಿದ್ದಳು. ವಿಜಯಪುರದ ಕಡೆಯ ಹುಡುಗಿ, ಗಂಡನ ಕೆಲಸದ ಸಲುವಾಗಿ ಮೈಸೂರಿಗೆ ಬಂದವಳು. ಮಗಳು ಪುಟ್ಟಿ ಎಲ್‌ಕೆಜಿ. ಶಾಲೆಯಲ್ಲಿ ಈ ವಾರದ ವಿಷಯ ಬ್ರೆಡ್. ರಟ್ಟನ್ನು ಬ್ರೆಡ್ಡಿನ ಆಕಾರಕ್ಕೆ ಕತ್ತರಿಸಿ, ಅಂಚಿಗೆ ಕಂದು ಬಣ್ಣ ಬಳಿದು, ನಡುವೆ ಹತ್ತಿ ಅಂಟಿಸಿ ಸೋಮವಾರ ಕಳಿಸಬೇಕಂತೆ. ಅದರ ಜೊತೆಗೆ ಇಂಗ್ಲಿಷಿನ ‘ಬಿ’ ಅಕ್ಷರ ಎರಡು ಪುಟ.

“ಡಬ್ಬಿ ಇದೆ ಕಣಮ್ಮ, ಕೊಡ್ತೀನಿ. ರಟ್ಟು ಕತ್ತರಿಸೋರು ಯಾರು?”

“ನಾನಽ ರೀ. ಅಷ್ಟು ದಪ್ಪ ರಟ್ಟು ಆಕಿಗೆಲ್ಲಿ ಆಗ್ತೈತಿ?”

“ಬಣ್ಣ?”

“ಅದೂ ನಾನಽ. ಅಂಚು ದಾಟಿ ಬಳದ್ರ ಚಂದ ಕಾಣಂಗಿಲ್ಲ ಅಂತ...”

“ಹಾಗಾದ್ರೆ ಸೋಮವಾರ ಶಾಲೆಗೆ ಹೋಗೋದು ನಿನ್ನ ಕೆಲಸ. ಪುಟ್ಟಿದು ಏನೂ ಹೋಗಲ್ಲ. ಬ್ರೆಡ್ಡಿನ ವಾರ ಅಂತ ಮಾಡಿರೋದು ನಿಜಕ್ಕೂ ಒಳ್ಳೇದು. ಮಕ್ಕಳು ದಿನಾ ಬಾಯಿಗಿಡೋ ವಸ್ತು ಅದು. ಆದ್ರೆ ಹತ್ತಿ ಅಂಟಿಸಿದ ರಟ್ಟಿಗೆ ವಾಸನೆ ಇಲ್ಲ, ಬಿಸಿ ಇಲ್ಲ, ರುಚಿ ಇಲ್ಲ. ನಾಲ್ಕು ವರ್ಷದ ಮಗು ಕಲಿಯೋದು ಮೂಗಿನಿಂದ, ನಾಲಿಗೆಯಿಂದ, ಅಂಗೈಯಿಂದ. ರಟ್ಟು ಪಕ್ಕಕ್ಕಿಡು. ಅವಳ ಕೈಗೊಂದು ಹಿಟ್ಟಿನ ಉಂಡೆ ಕೊಡು.”

ನಾನು ತಿರುಮಕೂಡಲು ನರಸೀಪುರ ತಾಲ್ಲೂಕಿನ ಅಂಗನವಾಡಿಯಲ್ಲಿ ದುಡಿದು ನಿವೃತ್ತಳಾದವಳು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿಗಳ ಐಸಿಡಿಎಸ್ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಆ ತಾಲ್ಲೂಕಿನಲ್ಲೇ. ನಮ್ಮ ‘ಚಿಲಿಪಿಲಿ’ ಪಠ್ಯದಲ್ಲೂ ಒಂದೊಂದು ವಿಷಯ ಹಿಡಿದು ಅದರ ಸುತ್ತ ಹಾಡು, ಕಥೆ, ಆಟ ಕಟ್ಟುವುದೇ ಕ್ರಮ. ಹಾಗಾಗಿ ಈ ಮಾತು ಬಂದರೆ ನನಗೆ ಸುಮ್ಮನಿರಲಾಗುವುದಿಲ್ಲ.

“ಬರವಣಿಗಿ ಬಿಡಾಕ ಬರ್ತೈತೇನ್ರಿ ಅಕ್ಕಾರ? ಪೆನ್ಸಿಲ್ ಮುಷ್ಟ್ಯಾಗ ಹಿಡೀತಾಳ ಅಂತ ಟೀಚರು ಡೈರಿಯೊಳಗ ಬರದಾರ.”

ಈ ಆತಂಕ ಇವಳೊಬ್ಬಳದಲ್ಲ, ಬೀದಿಯ ಎಲ್ಲ ತಾಯಂದಿರದು. ಅದಕ್ಕೇ ನಿಧಾನವಾಗಿ ಹೇಳಿದೆ. ಮಕ್ಕಳ ಹಿಡಿತ ಭುಜದಿಂದ ಕೆಳಗಿಳಿಯುತ್ತದೆ. ಮೊದಲು ಭುಜ, ಆಮೇಲೆ ಮೊಣಕೈ, ಆಮೇಲೆ ಮಣಿಕಟ್ಟು, ಕೊನೆಗೆ ಬೆರಳ ತುದಿ. ಮೂರು ವರ್ಷದ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿಯುವುದು ತಪ್ಪಲ್ಲ, ಅದು ಆ ವಯಸ್ಸಿನ ಹಿಡಿತ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸೇರಿ ಪೆನ್ಸಿಲನ್ನು ಸಲೀಸಾಗಿ ಹಿಡಿಯುವುದು ನಾಲ್ಕರಿಂದ ಆರು ವರ್ಷದ ನಡುವೆ, ಒಂದೊಂದು ಮಗುವಿಗೆ ಒಂದೊಂದು ಹೊತ್ತಿಗೆ. ಅಲ್ಲಿಯವರೆಗೆ ಅಂಗೈಗೆ, ಬೆರಳಿಗೆ ಬೇಕಾದದ್ದು ಬಲ. ಹಿಟ್ಟು ನಾದುವಾಗ ಭುಜದಿಂದ ಒತ್ತು ಬರುತ್ತದೆ, ಅಂಗೈಯ ಬುಡ ಕೆಲಸ ಮಾಡುತ್ತದೆ. ಉಂಡೆ ಕಟ್ಟುವಾಗ ಎರಡು ಅಂಗೈ ಒಟ್ಟಿಗೆ ದುಂಡಗೆ ಓಡಾಡುತ್ತವೆ. ಬತ್ತಿಯ ಹಾಗೆ ಹೊಸೆಯುವಾಗ ಬೆರಳುಗಳು ನೀಳವಾಗಿ ಚಾಚುತ್ತವೆ. ಚೂರು ಚಿವುಟುವಾಗ ಹೆಬ್ಬೆರಳು, ತೋರುಬೆರಳು ಕೂಡುತ್ತವೆ. ನಾದು, ಉಂಡೆ ಕಟ್ಟು, ಹೊಸೆ, ಚಿವುಟು, ತಟ್ಟು. ಪೆನ್ಸಿಲಿಗೆ ಬೇಕಾದ ಕಸರತ್ತೆಲ್ಲ ಈ ಐದರಲ್ಲೇ ಇದೆ. ಎರಡು ಪುಟ ‘ಬಿ’ ತಿದ್ದಿಸಿದರೆ ಸಿಗುವುದು ಬೆರಳು ನೋವು, ಅಕ್ಷರದ ಮೇಲೆ ಬೇಸರ. ಹೊಸೆದ ಹಿಟ್ಟಿನ ಬತ್ತಿಯನ್ನು ತಟ್ಟೆಯ ಮೇಲೆ ಬಾಗಿಸಿ ಅದೇ ‘ಬಿ’ ಮಾಡಿಸು, ‘ರ’ ಮಾಡಿಸು, ‘ಗ’ ಮಾಡಿಸು. ಅಕ್ಷರ ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ.

“ಅಯ್ಯ, ಇದು ನಮ್ಮ ಅವ್ವ ಮಾಡ್ತಿದ್ಳು ನೋಡ್ರಿ” ಎಂದು ಅವಳ ಮುಖ ಅರಳಿತು. “ಆಕಿ ರೊಟ್ಟಿ ಬಡಿಯಾಕ ಕುಂತ್ರ ನಮಗೊಂದು ಸಣ್ಣ ಉಂಡಿ ಕೊಡಾಕಿ. ನಾವು ಬಡದಿದ್ದು ಅಂಚು ಸೀಳಿ ನಕ್ಷೆ ಆಗಿರ್ತಿತ್ತು. ಆದ್ರೂ ಅದನ್ನಽ ಹಂಚಿನ ಮ್ಯಾಲೆ ಹಾಕಿ, ಬೇಯಿಸಿ, ನಮ್ಮ ತಾಟಿಗೇ ಹಾಕಾಕಿ. ಆದ್ರ ಅಕ್ಕಾರ, ಸಾಲ್ಯಾಗ ಕೇಳಿದ್ದು ಬ್ರೆಡ್. ಜ್ವಾಳದ ರೊಟ್ಟಿ ನಡೀತೈತೇನ್ರಿ?”

“ನಡೆಯೋದೇನು, ಎರಡೂ ಒಟ್ಟಿಗೆ ಇಟ್ಟರೆ ಪಾಠ ಇನ್ನೂ ಚೆನ್ನಾಗಿರುತ್ತೆ. ಜೋಳದ ಹಿಟ್ಟಿಗೆ ನಿಮ್ಮವ್ವ ಯಾಕೆ ಕುದಿಯೋ ಎಸರು ಹಾಕ್ತಿದ್ರು, ಹೇಳು ನೋಡೋಣ.”

“ತಣ್ಣೀರಾಗ ಕಲಸಿದ್ರ ಬಡಿಯಾಕ ಬರಂಗಿಲ್ಲಲ್ರಿ. ಸೀಳ್ತೈತಿ.”

ಅದೇ ಪುಟ್ಟಿಗೆ ತೋರಿಸಬೇಕಾದ ಮೊದಲ ಸೋಜಿಗ. ಎರಡು ಬಟ್ಟಲು ಇಡಬೇಕು. ಒಂದರಲ್ಲಿ ಗೋಧಿ ಹಿಟ್ಟು, ಇನ್ನೊಂದರಲ್ಲಿ ಜೋಳದ ಹಿಟ್ಟು. ಮೊದಲು ಒಣ ಹಿಟ್ಟನ್ನೇ ಮುಟ್ಟಿ ನೋಡಲಿ, ಮೂಸಿ ನೋಡಲಿ, ಬಣ್ಣ ಹೋಲಿಸಲಿ. ಆಮೇಲೆ ಎರಡಕ್ಕೂ ತಣ್ಣೀರು ಹಾಕಿ ಅವಳೇ ಕಲಸಲಿ. ಗೋಧಿಯದನ್ನು ಸ್ವಲ್ಪ ಹೊತ್ತು ನಾದಿ ಎಳೆದರೆ ಅದು ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಸರಿಯುತ್ತದೆ. ಜೋಳದ್ದನ್ನು ಎಳೆದರೆ ಪಟ್ಟನೆ ತುಂಡಾಗುತ್ತದೆ. ಗೋಧಿಯಲ್ಲಿ ಗ್ಲುಟೆನ್ ಎಂಬ ಜಿಗುಟು ಪ್ರೋಟೀನು ಬಲೆಯ ಹಾಗೆ ಹೆಣೆದುಕೊಳ್ಳುತ್ತದೆ. ಜೋಳ, ರಾಗಿ, ಸಜ್ಜೆ, ಅಕ್ಕಿ ಯಾವುದರಲ್ಲೂ ಅದಿಲ್ಲ. ಅದಕ್ಕೇ ನಮ್ಮ ಹೆಂಗಸರು ಕುದಿಯುವ ನೀರನ್ನು ಹಿಟ್ಟಿನ ನಡುವೆ ಸುರಿದು, ಅದರ ಪಿಷ್ಟ ಅರ್ಧ ಬೆಂದು ಅಂಟು ಬರುವಂತೆ ಮಾಡುವ ದಾರಿ ಕಂಡುಕೊಂಡರು. ಎಸರಿನ ಕೆಲಸ ದೊಡ್ಡವರದೇ. ಹಿಟ್ಟು ಕೈಗೆ ತಾಳುವಷ್ಟು ಆರಿದ ಮೇಲೆ ಮಗುವಿಗೆ ಕೊಡಬೇಕು. ಅದೇ ಜೋಳದ ಹಿಟ್ಟು ಈಗ ಒಂದಾಗಿ ಕೂತಿರುವುದನ್ನು ಅವಳು ತಾನೇ ಕಾಣುತ್ತಾಳೆ. ಗ್ಲುಟೆನ್ ಎಂಬ ಹೆಸರನ್ನು ಅವಳಿಗೆ ಹೇಳುವ ಅಗತ್ಯವಿಲ್ಲ. “ಯಾವುದು ಹಿಗ್ಗುತ್ತೆ, ಯಾವುದು ಮುರಿಯುತ್ತೆ?” ಎಂದು ಕೇಳಿದರೆ ಸಾಕು. ಎಳೆಯುವ ಮೊದಲು ಊಹಿಸಲಿ, ಎಳೆದ ಮೇಲೆ ಊಹೆಯನ್ನು ಪರೀಕ್ಷಿಸಲಿ. ಜೀವನವಿಡೀ ಬೇಕಾಗುವ ವಿಜ್ಞಾನದ ಅಭ್ಯಾಸ ಅಲ್ಲಿಂದಲೇ ಶುರು.

“ಬ್ರೆಡ್ ಮತ್ತ ಹೆಂಗ ಉಬ್ಬತೈತಿ ಅಂತ ಕೇಳಿದ್ರ?”

“ಕೇಳೇ ಕೇಳ್ತಾಳೆ. ಅದನ್ನೂ ಬಾಯಲ್ಲಿ ಹೇಳಬೇಡ, ತೋರಿಸು.”

ದಿನಸಿ ಅಂಗಡಿಯಲ್ಲಿ ಒಣ ಯೀಸ್ಟ್ ಸಿಗುತ್ತದೆ. ಕಿರಿದಾದ ಬಾಯಿಯ ಎರಡು ಬಾಟಲಿ ತೆಗೆದುಕೊಂಡು, ಎರಡಕ್ಕೂ ಉಗುರು ಬೆಚ್ಚಗಿನ ನೀರು, ಒಂದೊಂದು ಚಮಚ ಯೀಸ್ಟ್ ಹಾಕಬೇಕು. ಒಂದಕ್ಕೆ ಮಾತ್ರ ಒಂದು ಚಮಚ ಸಕ್ಕರೆ. ಎರಡರ ಬಾಯಿಗೂ ಬಲೂನು ಸಿಕ್ಕಿಸಿ ಬೆಚ್ಚಗಿನ ಮೂಲೆಯಲ್ಲಿ ಇಟ್ಟರೆ, ಸ್ವಲ್ಪ ಹೊತ್ತಿಗೆ ಸಕ್ಕರೆ ಹಾಕಿದ ಬಾಟಲಿಯಲ್ಲಿ ನೊರೆ ಏಳುತ್ತದೆ, ಬಲೂನು ಮೆಲ್ಲಗೆ ತಲೆಯೆತ್ತಿ ನಿಲ್ಲುತ್ತದೆ. ಇನ್ನೊಂದು ಜೋತುಬಿದ್ದೇ ಇರುತ್ತದೆ. ಯೀಸ್ಟ್ ಜೀವವಿರುವ ವಸ್ತು. ಬರಿಗಣ್ಣಿಗೆ ಕಾಣದಷ್ಟು ಸಣ್ಣದು, ಸಕ್ಕರೆ ತಿಂದು ಇಂಗಾಲದ ಡೈ ಆಕ್ಸೈಡ್ ಗಾಳಿಯನ್ನು ಬಿಡುತ್ತದೆ. ಗೋಧಿ ಹಿಟ್ಟಿನ ಹಿಗ್ಗುವ ಬಲೆಯಲ್ಲಿ ಆ ಗಾಳಿ ಸಿಕ್ಕಿಕೊಂಡಾಗ ಹಿಟ್ಟು ಉಬ್ಬುತ್ತದೆ. ಒಲೆಯ ಬಿಸಿಗೆ ಯೀಸ್ಟ್ ಸತ್ತರೂ ಅದು ಮಾಡಿದ ಗುಳ್ಳೆಯ ಜಾಗ ಹಾಗೇ ಉಳಿಯುತ್ತದೆ. ಬ್ರೆಡ್ಡಿನ ತುಂಡನ್ನು ಬೆಳಕಿಗೆ ಹಿಡಿದು ಆ ತೂತುಗಳನ್ನು ತೋರಿಸಿದರೆ ಎಲ್‌ಕೆಜಿ ಮಗುವಿಗೂ ಸಂಬಂಧ ಹೊಳೆಯುತ್ತದೆ. ನೀರು ಕೈಸುಡುವಷ್ಟು ಬಿಸಿ ಇರಬಾರದು. ಯೀಸ್ಟ್ ಆಗಲೇ ಸಾಯುತ್ತದೆ.

ಯೀಸ್ಟ್ ತರಲಾಗದಿದ್ದರೆ ಇಡ್ಲಿ ಹಿಟ್ಟು ಇದೆಯಲ್ಲ! ರುಬ್ಬಿದ ಹಿಟ್ಟನ್ನು ಗಾಜಿನ ಲೋಟಕ್ಕೆ ಅರ್ಧದವರೆಗೆ ಹಾಕಿ, ಮಟ್ಟಕ್ಕೆ ಸರಿಯಾಗಿ ಹೊರಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ ರಾತ್ರಿ ಇಡಬೇಕು. ಬೆಳಗ್ಗೆ ಎದ್ದು ಹಿಟ್ಟು ಎಲ್ಲಿಗೆ ಬಂದಿದೆ ಎಂದು ಮಗು ಬೆರಳಿಟ್ಟು ತೋರಿಸಲಿ, ಇನ್ನೊಂದು ರಬ್ಬರ್ ಬ್ಯಾಂಡ್ ಹಾಕಲಿ. ಎರಡರ ನಡುವೆ ಎಷ್ಟು ಬೆರಳು ಹಿಡಿಯುತ್ತದೆ? ಅಳತೆಯ ಮೊದಲ ಪಾಠ ಅದು, ಸ್ಕೇಲು ಬೇಡ. ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಬಹುಪಾಲು ಬ್ಯಾಕ್ಟೀರಿಯಾ, ಬ್ರೆಡ್ಡಿನದನ್ನು ಯೀಸ್ಟ್. ಕರಾವಳಿಯಲ್ಲಿ, ಗೋವಾದಲ್ಲಿ ಹಿಂದೆ ತಾಳೆ, ತೆಂಗಿನ ಕಳ್ಳನ್ನೇ ಹಿಟ್ಟಿಗೆ ಹಾಕಿ ಉಬ್ಬಿಸುತ್ತಿದ್ದರು. ಮಂಗಳೂರಿನ ಕ್ರೈಸ್ತರ ಮನೆಗಳ ಸನ್ನ ಹಾಗೇ ಆದದ್ದು. ಕಣ್ಣಿಗೆ ಕಾಣದ ಜೀವಿಗಳು ಎಲ್ಲ ಅಡುಗೆಮನೆಯಲ್ಲೂ ಕೆಲಸಕ್ಕಿವೆ ಎಂಬುದು ಮಗುವಿಗೆ ಹಬ್ಬದಂಥ ಸುದ್ದಿ.

“ಬೇಕರಿಗೆ ಕರ್ಕೊಂಡ್ ಹೋಗ್ಲೇನ್ರಿ?”

“ಖಂಡಿತ ಹೋಗು. ಸಂತೆಯ ಹೊತ್ತಲ್ಲದೆ, ಬೆಳಗ್ಗೆ ಬ್ರೆಡ್ ಒಲೆಯಿಂದ ಇಳಿಸೋ ಹೊತ್ತಿಗೆ. ಮೊದಲೇ ಒಂದು ಮಾತು ಕೇಳಿಕೋ. ನಮ್ಮ ಅಯ್ಯಂಗಾರ್ ಬೇಕರಿಯವರು ಮಕ್ಕಳನ್ನ ಕಂಡರೆ ಬೇಡ ಅನ್ನಲ್ಲ.”

ಹಾಸನ ಸೀಮೆಯ ಅಯ್ಯಂಗಾರ್ ಕುಟುಂಬಗಳು ಬೇಕರಿಯನ್ನು ಊರೂರಿಗೆ ಒಯ್ದದ್ದರಿಂದ ನಮ್ಮ ಕಡೆಯ ಮಕ್ಕಳಿಗೆ ಒಲೆಯ ಬಾಯಿ ನೋಡುವುದು ಸುಲಭ. ಉದ್ದ ಹಿಡಿಯ ಸಲಿಕೆ, ಕಬ್ಬಿಣದ ಅಚ್ಚು, ಅಚ್ಚಿನಿಂದ ಜಾರಿದ ಇಡೀ ಬ್ರೆಡ್ಡು. ಕತ್ತರಿಸದ ಬ್ರೆಡ್ಡನ್ನು ಕೇಳಿ ತರಬೇಕು ಎಂದೆ. ಬ್ರೆಡ್ ಹುಟ್ಟುವುದೇ ತುಂಡು ತುಂಡಾಗಿ ಎಂದು ಎಷ್ಟೋ ಮಕ್ಕಳು ತಿಳಿದಿದ್ದಾರೆ. ಯಂತ್ರದಲ್ಲಿ ಕತ್ತರಿಸಿದ ಬ್ರೆಡ್ ಮೊದಲು ಮಾರಾಟಕ್ಕೆ ಬಂದದ್ದೇ 1928ರ ಜುಲೈನಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಚಿಲ್ಲಿಕಾತಿ ಎಂಬ ಊರಿನಲ್ಲಿ. ಅಲ್ಲಿಯವರೆಗೆ ಮನೆಯಲ್ಲೇ ಕೊಯ್ದುಕೊಳ್ಳುತ್ತಿದ್ದರು. ಬೇಕರಿ ನೋಡಿ ಬಂದ ಮೇಲೆ ಮನೆಯ ಜಗಲಿಯಲ್ಲೇ ಅಂಗಡಿ ಆಟ ತೆರೆಯಬೇಕು. ಒಬ್ಬರು ಮಾಲೀಕರು, ಒಬ್ಬರು ಗಿರಾಕಿ, ಒಬ್ಬರು ಒಲೆಯ ಮುಂದೆ. ‘ರೊಟ್ಟಿ ಅಂಗಡಿ ಕಿಟ್ಟಪ್ಪ’ ಶಿಶುಗೀತೆಗೆ ಚಪ್ಪಾಳೆ ಹಾಕಿ ಹಾಡಲಿ. ಬೆಲೆ ಕೇಳುವುದು, ಚಿಲ್ಲರೆ ಎಣಿಸುವುದು, ‘ಬಿಸಿ ಇದೆಯಾ?’, ‘ನಾಳೆ ಬನ್ನಿ’ ಎಂದು ಮಾತು ಕಟ್ಟುವುದು, ಎಲ್ಲವೂ ತಾನಾಗಿ ಬರುತ್ತದೆ. ಚೀಟಿಯ ಮೇಲೆ ಬೆಲೆ ಗೀಚಬೇಕು ಎಂದು ಮಗುವೇ ಪೆನ್ಸಿಲ್ ಕೇಳುವ ಗಳಿಗೆ ಆ ಆಟದಲ್ಲಿ ಸಿಗುತ್ತದೆ. ಬರೆಯುವುದು ಏಕೆ ಎಂಬುದು ಗೊತ್ತಾದ ಮೇಲೆ ಬರೆಯುವ ಆಸೆ ಬೇರೆಯೇ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇಕರಿಗೆ ಹಿಟ್ಟು ಎಲ್ಲಿಂದ ಬಂತು ಅಂತ ಕೇಳಿದ್ರ?” ಎಂದಳು.

ಅದು ಕೇಳಲಿ ಎಂದೇ ಇಷ್ಟೆಲ್ಲ. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದ. 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’ ಎಂದು ಹೆಸರಿಟ್ಟ. 1844ರಲ್ಲಿ ತಾಯಂದಿರಿಗಾಗಿ ಒಂದು ಪುಸ್ತಕ ತಂದ. ತಾಯಿ ಮಗು ಕೂಡಿ ಆಡುವ ಕೈಯಾಟಗಳ ಪುಸ್ತಕ. ಅದರಲ್ಲಿ ಅಂಗೈ ತಟ್ಟಿ ರೊಟ್ಟಿ ಮಾಡುವ ಆಟವೊಂದಿದೆ. ಆಟದ ಜೊತೆಗೆ ಅವನು ತಾಯಿಗೆ ಕೊಡುವ ಬುದ್ಧಿಮಾತೇ ನನಗೆ ಇಷ್ಟ: ಮಗು ತಿನ್ನುವುದು ತಾಯಿಯ ಕೈಯಿಂದ ಬಂತು, ತಾಯಿಗೆ ಅದು ಬೇಕರಿಯವನಿಂದ ಬಂತು; ಅಲ್ಲಿಗೆ ಮುಗಿಯಿತು ಎಂದು ಮಗು ತಿಳಿಯಬಾರದು. ಬೀಸುವವನು ಹಿಟ್ಟು ಕೊಡದಿದ್ದರೆ ಬೇಕರಿ ಇಲ್ಲ, ರೈತ ಕಾಳು ಕೊಡದಿದ್ದರೆ ಬೀಸುವವನಿಗೆ ಕೆಲಸವಿಲ್ಲ, ಮಣ್ಣು ಮಳೆ ಬಿಸಿಲು ಕೂಡದಿದ್ದರೆ ರೈತನ ಕೈಗೂ ಏನಿಲ್ಲ. ಆ ಸರಪಳಿಯ ಒಂದೊಂದು ಕೊಂಡಿಯನ್ನೂ ಮಗು ಮುಟ್ಟಬೇಕು ಎಂಬುದು ಅವನ ಆಸೆ.

ನಾನೂ ಅದನ್ನೇ ನಂಬಿದವಳು. ರೊಟ್ಟಿಯ ಪಾಠ ಎಂದರೆ ರೊಟ್ಟಿಯ ಆಕಾರದ ಪಾಠ ಅಲ್ಲ, ಅದರ ಹಿಂದಿರುವ ಕೈಗಳ ಪಾಠ. ಇದು ಹಿಡಿ ಗೋಧಿಯಿಂದ ಶುರುವಾಗಲಿ. ರಾತ್ರಿ ನೆನೆಸಿ, ಒದ್ದೆ ಬಟ್ಟೆಯ ಮೇಲೆ ಹರಡಿದರೆ ಎರಡು ಮೂರು ದಿನಕ್ಕೆ ಬಿಳಿ ಬೇರು ಕಾಣುತ್ತದೆ. ಮಣ್ಣು ತುಂಬಿದ ತೆಂಗಿನ ಚಿಪ್ಪಿಗೆ ಹಾಕಿದರೆ ವಾರ ಹತ್ತು ದಿನದಲ್ಲಿ ಗೇಣಿನ ಹತ್ತಿರ ಹಸಿರು. ಇನ್ನೊಂದು ಹಿಡಿಯನ್ನು ಬೀಸುವ ಕಲ್ಲಿಗೆ ಹಾಕಿ, ಗೂಟವನ್ನು ದೊಡ್ಡವರ ಕೈ ಮೇಲೆ ಮಗುವಿನ ಕೈ ಇಟ್ಟು ತಿರುಗಿಸಬೇಕು. ಎಷ್ಟು ತಿರುಗಿಸಿದರೂ ಎಷ್ಟು ಕಡಿಮೆ ಹಿಟ್ಟು ಬಿತ್ತು ಎಂಬ ಅಚ್ಚರಿ ಮುಖದ ಮೇಲೆ ಬಂದಾಗ, ಹಿಂದೆ ನಸುಕಿನಲ್ಲೆದ್ದು ಮನೆಮಂದಿಗೆಲ್ಲ ಬೀಸುತ್ತಿದ್ದ ಅಜ್ಜಿಯರ ಮಾತು ಹೇಳಬೇಕು. ಬಿದ್ದ ಹಿಟ್ಟನ್ನು ಜರಡಿ ಹಿಡಿದರೆ ಮೇಲೆ ತೌಡು, ಕೆಳಗೆ ನುಣುಪು ಹಿಟ್ಟು. ತೌಡು ಉಳಿದ ಹಿಟ್ಟಿನ ರೊಟ್ಟಿ ಕಂದು, ತೌಡು ತೆಗೆದ ಮೈದಾದ ಬ್ರೆಡ್ ಬೆಳ್ಳಗೆ. ಬ್ರೆಡ್ಡಿನ ಬಿಳುಪು ಎಲ್ಲಿಂದ ಬಂತು, ಅದರಲ್ಲಿ ಏನು ಹೋಯಿತು ಎಂಬುದು ಕಣ್ಣೆದುರೇ ಇದೆ. ನಮ್ಮ ಮೈಸೂರಿನಲ್ಲೇ, ಚೆಲುವಾಂಬ ವಿಲಾಸದಲ್ಲಿರುವ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ ಹಿಟ್ಟು ಬೀಸುವ, ಬ್ರೆಡ್ ಸುಡುವ ವಿದ್ಯೆಗೆಂದೇ ಒಂದು ವಿಭಾಗವಿದೆ. ದೊಡ್ಡ ದೊಡ್ಡ ವಿಜ್ಞಾನಿಗಳು ಕೆಲಸ ಮಾಡುವ ವಿಷಯವನ್ನೇ ಮಕ್ಕಳು ಜಗಲಿಯ ಮೇಲೆ ಮುಟ್ಟಿ ನೋಡುತ್ತಿರುತ್ತಾರೆ.

“ನಮ್ಮ ಕಡೆ ಹೊಲದಾಗ ಸೀತನಿ ಸುಟ್ಟು ತಿನ್ನೋದು ಐತಲ್ರಿ, ಎಳೀ ಜ್ವಾಳದ ತೆನಿ. ಊರಿಗೆ ಹೋದಾಗ ಆಕಿಗೆ ಹೊಲಾನಽ ತೋರಿಸ್ತೀನ್ರಿ. ಎಳ್ಳ ಅಮವಾಸ್ಯಿಗೆ ಹೋದ್ರ ಚರಗಾ ಚೆಲ್ಲೋದು, ಸಜ್ಜಿ ರೊಟ್ಟಿ ಎಲ್ಲಾ ನೋಡ್ತಾಳ.”

“ಅದಕ್ಕಿಂತ ಒಳ್ಳೆ ಪಾಠ ಯಾವ ಶಾಲೆಯಲ್ಲೂ ಇಲ್ಲ ಕಣಮ್ಮ. ಭೂಮಿತಾಯಿಗೆ ಉಣಿಸಿ ಆಮೇಲೆ ತಾನು ಉಣ್ಣೋದನ್ನ ನೋಡಿದ ಮಗು, ತಟ್ಟೇಲಿ ಅನ್ನ ಬಿಟ್ಟು ಏಳೋಕೆ ಯೋಚನೆ ಮಾಡುತ್ತೆ.”

ಲೆಕ್ಕದ ಮಾತೂ ಬಂತು. ಚೌಕದ ಬ್ರೆಡ್ ತುಂಡನ್ನು ಮೂಲೆಯಿಂದ ಮೂಲೆಗೆ ಕೊಯ್ದರೆ ಎರಡು ತ್ರಿಕೋನ, ಮತ್ತೆ ಕೊಯ್ದರೆ ನಾಲ್ಕು. ದುಂಡು ರೊಟ್ಟಿಯನ್ನು ಮುರಿದರೆ ಅರ್ಧ, ಅರ್ಧವನ್ನು ಮುರಿದರೆ ಕಾಲು. ನಾಲ್ಕು ಕಾಲನ್ನು ಜೋಡಿಸಿಟ್ಟರೆ ಮತ್ತೆ ಇಡೀ ರೊಟ್ಟಿ. ಪುಸ್ತಕದ ಭಿನ್ನರಾಶಿ ಬರುವ ಎಷ್ಟೋ ವರ್ಷ ಮೊದಲೇ ಅದು ಬಾಯಿಗೆ ಬಂದಿರುತ್ತದೆ. ಅದಕ್ಕಿಂತ ದೊಡ್ಡ ಲೆಕ್ಕ ಹಂಚಿಕೆಯದು. ಮೂರು ರೊಟ್ಟಿ ಇಟ್ಟು ನಾಲ್ಕು ಮಕ್ಕಳನ್ನು ಕೂರಿಸಬೇಕು, ದೊಡ್ಡವರು ಬಾಯಿ ಹಾಕಬಾರದು. ಒಂದು ಮಗು ಎಲ್ಲವನ್ನೂ ಚೂರು ಮಾಡುತ್ತದೆ. ಇನ್ನೊಂದು ತನ್ನದರಲ್ಲಿ ಮುರಿದು ಕೊಡುತ್ತದೆ. ಮತ್ತೊಂದು ‘ನಂಗೆ ಕಮ್ಮಿ ಬಂತು’ ಎಂದು ಅಳುತ್ತದೆ. ಆ ಅಳುವಿನ ಸುತ್ತ ನಡೆಯುವ ಮಾತುಕತೆಯಲ್ಲಿ ಗಣಿತವೂ ಇದೆ, ನ್ಯಾಯವೂ ಇದೆ. ರೋಮಿನ ಬಡವರ ಕೇರಿಯಲ್ಲಿ 1907ರಲ್ಲಿ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸ್ಸೊರಿ ಮಕ್ಕಳ ಕೈಗೆ ಆಟದ ಸಾಮಾನು ಮಾತ್ರ ಕೊಡಲಿಲ್ಲ. ಅವರ ಅಳತೆಗೆ ತಕ್ಕ ನಿಜವಾದ ಮೇಜು, ಜಗ್ಗು, ಪೊರಕೆಯನ್ನು ಕೊಟ್ಟರು. 1939ರಲ್ಲಿ ಮದ್ರಾಸಿಗೆ ಬಂದು, ಯುದ್ಧದ ಕಾರಣಕ್ಕೆ ವರ್ಷಗಟ್ಟಲೆ ನಮ್ಮ ದೇಶದಲ್ಲೇ ಉಳಿದು ಇಲ್ಲಿಯ ಶಿಕ್ಷಕರಿಗೆ ಕಲಿಸಿದರು. ಅದನ್ನೇ ನೆನೆದು ಹೇಳಿದೆ: ಪ್ಲಾಸ್ಟಿಕ್ಕಿನ ಅಡುಗೆ ಸೆಟ್ಟು ಬೇಡ. ಚಿಕ್ಕದೊಂದು ಮರದ ಮಣೆ, ಅವಳ ಕೈಗೆ ಹಿಡಿಯುವ ಲಟ್ಟಣಿಗೆ ಕೊಡಿಸು. ಬೆಣ್ಣೆ ಸವರಲು ಮೊಂಡು ಚಾಕು ಕೊಡು. ಕೆಲಸ ಮುಗಿದ ಮೇಲೆ ಮಣೆ ಒರೆಸುವುದು, ಚೆಲ್ಲಿದ ಹಿಟ್ಟು ಗುಡಿಸುವುದೂ ಅವಳದೇ.

“ಒಂದು ಮಾತು ಕೇಳ್ತೀನ್ರಿ ಅಕ್ಕಾರ, ಸಿಟ್ಟಾಗಬ್ಯಾಡ್ರಿ” ಎಂದಳು. ದನಿ ಸ್ವಲ್ಪ ಗಂಭೀರವಾಗಿತ್ತು. “ಅನ್ನದ ಜೊತಿ ಆಟ ಆಡಬಾರದು ಅಂತ ನಮ್ಮ ಮಾವನವ್ರು ಹೇಳ್ತಾರ. ಬರಗಾಲ ಕಂಡ ಮಂದಿ ಅವರು. ಹಿಟ್ಟು ಚೆಲ್ಲಿ ಆಡೋದು ಅವರ ಕಣ್ಣಿಗೆ ಬಿದ್ರ ನೊಂದ್ಕೋತಾರ್ರಿ.”

ನನಗೆ ಸಿಟ್ಟೆಲ್ಲಿ ಬರಬೇಕು! ಅವರ ಮಾತು ನೂರಕ್ಕೆ ನೂರು ಸರಿ. ಅಂಗನವಾಡಿಗೆ ಬರುವ ಎಷ್ಟೋ ಮಕ್ಕಳು ಮಧ್ಯಾಹ್ನದ ಊಟಕ್ಕೆ ಕಾದು ಕೂತಿರುವುದನ್ನು ಕಂಡ ನನಗೆ, ಚಟುವಟಿಕೆಯ ಹೆಸರಿನಲ್ಲಿ ಹಿಟ್ಟು, ಅಕ್ಕಿ, ಬೇಳೆಯನ್ನು ಬಣ್ಣ ಕಲಸಿ ಅಂಟಿಸಿ ಬಿಸಾಡುವುದು ಎಂದೂ ಒಪ್ಪಿಗೆಯಾಗಿಲ್ಲ. ಎರಡು ಭಾಗ ಮೈದಾ, ಒಂದು ಭಾಗ ಉಪ್ಪು, ಒಂದು ಭಾಗ ನೀರು ಕಲಸಿ ಬೊಂಬೆ ಮಾಡಿಸುವ ಪದ್ಧತಿ ಎಲ್ಲ ಕಡೆ ಇದೆ. ಅದನ್ನು ತಿನ್ನಲಾಗದು, ಅಷ್ಟು ಉಪ್ಪು ಮಗುವಿನ ಹೊಟ್ಟೆಗೆ ಹೋದರೆ ಅಪಾಯವೂ ಹೌದು. ಬೊಂಬೆ ಮಾಡಬೇಕೆನಿಸಿದರೆ ಕೆರೆಯ ಜೇಡಿಮಣ್ಣು ಇದೆ. ಆಡಿ ಮುಗಿದ ಮೇಲೆ ನೀರು ಚಿಮುಕಿಸಿ ಮುಚ್ಚಿಟ್ಟರೆ ನಾಳೆಯೂ ಬರುತ್ತದೆ. ಹಿಟ್ಟನ್ನು ಮುಟ್ಟಿದರೆ ಅದು ಬೇಯಬೇಕು, ಯಾರದಾದರೂ ಹೊಟ್ಟೆ ಸೇರಬೇಕು. ಇದೊಂದು ನಿಯಮ ಇಟ್ಟುಕೊಂಡರೆ ಮಾವನವರು ನೊಂದುಕೊಳ್ಳುವುದಿಲ್ಲ, ಪಕ್ಕದಲ್ಲೇ ಮಣೆ ಹಾಕಿ ಕೂರುತ್ತಾರೆ. ಬರದ ವರ್ಷಗಳಲ್ಲಿ ಏನು ತಿಂದೆವು ಎಂದು ಅವರು ಮೊಮ್ಮಗಳಿಗೆ ಹೇಳಿದರೆ ಆ ದಿನದ ಪಾಠಕ್ಕೆ ಅದಕ್ಕಿಂತ ತೂಕದ್ದು ಬೇರೆ ಬೇಕಿಲ್ಲ.

ಮಗುವಿನ ಉಂಡೆ ಬೇಯಬೇಕಾದರೆ ಶುಚಿ ಬೇಕು. ಕೆಲಸಕ್ಕೆ ಕೂರುವ ಮೊದಲು ಸೋಪು ಹಾಕಿ ಕೈತೊಳೆಯಬೇಕು, ಉಗುರು ಕತ್ತರಿಸಿರಬೇಕು. ಹಸಿ ಹಿಟ್ಟನ್ನು ಬಾಯಿಗೆ ಹಾಕಲು ಬಿಡಬಾರದು. ಬೇಯಿಸದ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಒಲೆ, ಹಂಚು, ಎಸರು ದೊಡ್ಡವರ ಪಾಲು, ಮಗು ಕೈಗೆಟುಕದಷ್ಟು ದೂರ ಕೂತು ನೋಡಲಿ. ಬಲೂನು ಒಡೆದರೆ ಚೂರನ್ನು ತಕ್ಷಣ ಆರಿಸಬೇಕು, ಗಂಟಲಿಗೆ ಸಿಕ್ಕರೆ ಪ್ರಾಣಕ್ಕೆ ಕುತ್ತು. ಮೆತ್ತನೆ ಬ್ರೆಡ್ಡನ್ನು ಮುದ್ದೆ ಮಾಡಿ ಬಾಯಿ ತುಂಬಿಕೊಳ್ಳುವ ಚಟ ಚಿಕ್ಕವರಿಗಿರುತ್ತದೆ. ಚಿಕ್ಕ ತುಂಡು ಕೊಟ್ಟು, ಕೂರಿಸಿ ತಿನ್ನಿಸಬೇಕು. ಬೇರೆಯವರ ಮಕ್ಕಳು ಬರುವುದಾದರೆ ಗೋಧಿ, ಎಳ್ಳು, ಕಡಲೆಕಾಯಿ, ಹಾಲು ಯಾರಿಗಾದರೂ ಆಗುವುದಿಲ್ಲವೇ ಎಂದು ಮನೆಯವರನ್ನು ಮೊದಲೇ ಕೇಳಬೇಕು. ಗೋಧಿ ಆಗದ ಮಗುವಿಗೆ ಜೋಳ, ರಾಗಿ, ಅಕ್ಕಿ ನಮ್ಮಲ್ಲೇ ಇವೆ. ಯಾವ ಮಗುವೂ ಬರಿಗೈಯಲ್ಲಿ ಕೂರುವ ಪ್ರಸಂಗ ಬರುವುದಿಲ್ಲ.

“ಕೈ ತೊಳ್ಕೋ ಅಂದ್ರ ಕೇಳಂಗಿಲ್ರಿ ಆಕಿ. ಬರೇ ನೀರು ಸೋಕಿಸಿ ಓಡ್ತಾಳ.”

ಅದಕ್ಕೂ ಬ್ರೆಡ್ಡೇ ಗುರು. ಬ್ರೆಡ್ಡಿನ ಎರಡೂ ತುದಿಯ ಗಟ್ಟಿ ತುಂಡುಗಳನ್ನು ಯಾರೂ ತಿನ್ನದೆ ಬಿಡುತ್ತಾರಲ್ಲ, ಅವು ಸಾಕು. ಆಡಿ ಬಂದ ಕೈಯಲ್ಲಿ ಒಂದನ್ನು ಒತ್ತಿ ಹಿಡಿಯಲಿ, ಸೋಪು ಹಾಕಿ ತೊಳೆದ ಕೈಯಲ್ಲಿ ಇನ್ನೊಂದನ್ನು. ಎರಡಕ್ಕೂ ಒಂದೊಂದು ಹನಿ ನೀರು ಚಿಮುಕಿಸಿ, ಬೇರೆ ಬೇರೆ ಪಾರದರ್ಶಕ ಕವರಿನಲ್ಲಿ ಬಿಗಿಯಾಗಿ ಮುಚ್ಚಿ, ಕವರಿನ ಮೇಲೆ ಕೈಯ ಚಿತ್ರ ಬರೆದು ಗುರುತು ಹಾಕಿ ನೋಡುತ್ತಿರಬೇಕು. ಅಂಗಡಿಯ ಬ್ರೆಡ್ಡಿಗೆ ಬೂಷ್ಟು ತಡೆಯುವ ವಸ್ತು ಹಾಕಿರುವುದರಿಂದ ಬೂಷ್ಟು ಕೆಲವು ದಿನ ತಡವಾಗಬಹುದು, ಮಳೆಗಾಲದಲ್ಲಿ ಬೇಗ ಬರುತ್ತದೆ. ಸಾಮಾನ್ಯವಾಗಿ ಕೊಳೆ ಕೈ ಸೋಕಿದ್ದೇ ಮೊದಲು ಬಣ್ಣ ತಿರುಗುತ್ತದೆ. ಕವರನ್ನು ಬಿಚ್ಚದೆ, ಮೂಸದೆ ಹಾಗೇ ಎಸೆಯಬೇಕು. ಕೈಗಂಟಿ ಬರುವುದು ಏನು ಎಂದು ಕಣ್ಣಾರೆ ಕಂಡ ಮಗುವಿಗೆ ಸೋಪಿನ ಉಪದೇಶ ಬೇಕಾಗುವುದಿಲ್ಲ.

ಈ ಬೀದಿಯೇ ಒಂದು ಪುಸ್ತಕ ಎಂಬುದು ಮಾತಾಡುತ್ತ ನಮಗಿಬ್ಬರಿಗೂ ಹೊಳೆಯಿತು. ಎದುರು ಮನೆಯವರು ಕೊಡಗಿನವರು, ಅವರಲ್ಲಿ ಅನ್ನ, ಅಕ್ಕಿ ಹಿಟ್ಟು ಕೂಡಿಸಿ ತಟ್ಟಿದ ಅಕ್ಕಿ ಒಟ್ಟಿ. ನಮ್ಮ ಮನೆಯಲ್ಲಿ ಈರುಳ್ಳಿ, ಸೊಪ್ಪು ಹಾಕಿದ ರಾಗಿ ರೊಟ್ಟಿ. ಇವಳದು ಬಿಳಿಜೋಳದ ರೊಟ್ಟಿ, ಜೊತೆಗೆ ತಿಂಗಳಾದರೂ ಕೆಡದ ಖಡಕ್ ರೊಟ್ಟಿ. ಮೂಲೆಮನೆಯ ಮಂಗಳೂರಿನವರು ಬಾಳೆಹಣ್ಣು ಹಾಕಿ ಬನ್ಸ್ ಕರಿಯುತ್ತಾರೆ. ಎಲ್ಲವನ್ನೂ ಒಂದು ಬಾಳೆಲೆಯ ಮೇಲಿಟ್ಟು ಮಕ್ಕಳಿಗೆ ಕಣ್ಣು ಕಟ್ಟಿ, ಮುಟ್ಟಿ, ಮೂಸಿ, ಮುರಿದ ಸದ್ದು ಕೇಳಿ ಯಾವುದು ಯಾವುದೆಂದು ಹೇಳಿಸಬಹುದು. ಖಡಕ್ ರೊಟ್ಟಿಯ ಸದ್ದು ಒಮ್ಮೆ ಕೇಳಿದ ಮಗು ಮರೆಯುವುದಿಲ್ಲ. ಆಮೇಲೆ ಕರ್ನಾಟಕದ ನಕ್ಷೆ ಹಾಸಿ, ಯಾವ ರೊಟ್ಟಿ ಎಲ್ಲಿಯದು ಎಂದು ಅಲ್ಲಲ್ಲಿ ಜೋಳ, ರಾಗಿ, ಭತ್ತದ ಕಾಳು ಇಡಿಸಬಹುದು. ಮಳೆ ಕಡಿಮೆ ಇರುವಲ್ಲಿ ಜೋಳ, ಮಳೆ ಸುರಿಯುವಲ್ಲಿ ಭತ್ತ ಎಂಬುದನ್ನು ಭೂಗೋಳದ ಪುಸ್ತಕಕ್ಕಿಂತ ಮೊದಲು ಆ ಕಾಳುಗಳೇ ಹೇಳುತ್ತವೆ. ಇಥಿಯೋಪಿಯದ ಮಕ್ಕಳು ಟೆಫ್ ಎಂಬ ಪುಟ್ಟ ಧಾನ್ಯದ ಹುಳಿ ಇಂಜೆರಾ ತಿನ್ನುತ್ತಾರೆ, ಮೆಕ್ಸಿಕೋದ ಮಕ್ಕಳು ಮುಸುಕಿನ ಜೋಳದ ಟಾರ್ಟಿಯಾ ತಿನ್ನುತ್ತಾರೆ, ಅವೂ ಹಂಚಿನ ಮೇಲೆ ಬೇಯಿಸುವ ರೊಟ್ಟಿಗಳೇ ಎಂದರೆ ದೂರದ ಮಕ್ಕಳೂ ನೆರೆಯವರಾಗುತ್ತಾರೆ.

“ಮೊದ್ಲ ರೊಟ್ಟಿ ಯಾರು ಮಾಡಿದ್ರಂತ್ರಿ?”

“ಜೋರ್ಡಾನ್ ದೇಶದ ಕಪ್ಪು ಮರುಭೂಮಿಯಲ್ಲಿ ಹಳೆಯ ಒಲೆಗಳನ್ನ ಅಗೆದಾಗ ಸುಟ್ಟು ಕರಿಕಾಗಿದ್ದ ರೊಟ್ಟಿ ಚೂರು ಸಿಕ್ಕಿತು. 2018ರಲ್ಲಿ ಸುದ್ದಿಯಾಯ್ತು. ಸುಮಾರು 14,400 ವರ್ಷ ಹಳೇದು. ಆಗಿನ್ನೂ ಜನ ಬೇಸಾಯವನ್ನೇ ಶುರುಮಾಡಿರಲಿಲ್ಲ ಕಣಮ್ಮ. ಕಾಡು ಧಾನ್ಯ, ಗೆಡ್ಡೆ ತಂದು, ಕುಟ್ಟಿ, ಕಲಸಿ ಸುಟ್ಟಿದ್ರು. ಅಂದ್ರೆ ಹೊಲಕ್ಕಿಂತ ರೊಟ್ಟಿ ಹಳೇದು. ಅವತ್ತಿನಿಂದ ಇವತ್ತಿನವರೆಗೆ ಮಕ್ಕಳು ದೊಡ್ಡವರ ಪಕ್ಕ ಕೂತು ನೋಡಿ ನೋಡಿಯೇ ಕಲಿತು ಬಂದ ವಿದ್ಯೆ ಇದು. ನಾವು ಮಕ್ಕಳನ್ನ ಅಡುಗೆಮನೆಯಿಂದ ಆಚೆ ಕಳಿಸಿ, ರಟ್ಟಿನ ಬ್ರೆಡ್ ಕೈಗೆ ಕೊಟ್ಟರೆ ಆ ಎಳೆ ಕಡಿದುಹೋಗುತ್ತೆ.”

“ಟೀಚರಿಗೆ ಏನ್ ಹೇಳ್ಲಿ? ರಟ್ಟು ಕೊಡದಿದ್ರ ಮಾರ್ಕ್ ಹಾಕಂಗಿಲ್ಲೇನೋ.”

“ಜಗಳ ಆಡಬೇಡ. ಒಂದು ಚೀಟಿ ಬರಿ. ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಅಂತ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಆಟವನ್ನೇ ಕಲಿಕೆಯ ನಡುವೆ ಇಟ್ಟಿದೆ. ಟೀಚರಿಗೂ ಅದು ಗೊತ್ತಿರುತ್ತೆ. ಅವರಿಗೂ ಮೇಲಿನವರ ಒತ್ತಡ, ಒಂದೇ ಕೋಣೆಯಲ್ಲಿ ಕಿಕ್ಕಿರಿದ ಮಕ್ಕಳು. ಪುಟ್ಟಿ ಏನು ಮಾಡಿದಳು, ಏನು ಹೇಳಿದಳು ಅನ್ನೋದನ್ನ ಅವಳ ಮಾತಲ್ಲೇ ನಾಲ್ಕು ಸಾಲು ಬರೆದು, ಅವಳು ತಟ್ಟಿದ ರೊಟ್ಟಿ ಒಂದನ್ನ ಡಬ್ಬಿಗೆ ಹಾಕಿ ಕಳಿಸು. ಅಂಚು ಸೀಳಿದ್ರೆ ಸೀಳಲಿ, ನೀನು ತಿದ್ದಬೇಡ. ಬೇಕಾದ್ರೆ ನಾನೂ ಒಂದು ದಿನ ಶಾಲೆಗೆ ಬಂದು ಎಲ್ಲ ಮಕ್ಕಳ ಜೊತೆ ಕೂತು ತಟ್ಟಿಸ್ತೀನಿ ಅಂತ ಹೇಳು.”

ಅವಳು ಬೆರಳು ಮಡಚಿ ಲೆಕ್ಕ ಹಾಕತೊಡಗಿದಳು. ನಾಳೆ ಭಾನುವಾರ, ಬೀದಿಯ ಮಕ್ಕಳಿಗೆಲ್ಲ ಸಂಜೆ ನಾಲ್ಕು ಗಂಟೆಗೆ ನಮ್ಮ ಜಗಲಿಯಲ್ಲಿ ಎಂದು ತೀರ್ಮಾನವಾಯಿತು.

“ಬಿಳಿಜ್ವಾಳದ ಹಿಟ್ಟು ಊರಿಂದ ಬಂದದ್ದು ಐತಿ, ನಾ ತರ್ತೀನ್ರಿ. ಮಾವನವ್ರನ್ನೂ ಕರ್ಕೊಂಡು ಬರ್ತೀನಿ.”

“ಬೀಸೋ ಕಲ್ಲು ನಾನು ತೊಳೆದಿಡ್ತೀನಿ. ಗೋಧಿ ಇವತ್ತೇ ನೆನೆಹಾಕು. ಕೊಡಗಿನವರಿಗೆ ನೀನು ಹೇಳು, ಮಂಗಳೂರಿನವರಿಗೆ ನಾನು ಹೇಳ್ತೀನಿ. ಯಾವ ಮಗುವಿಗೆ ಏನು ಆಗಲ್ಲ ಅಂತ ಮರೀದೆ ಕೇಳು. ಮತ್ತೆ ಒಂದು ಮಾತು: ನಾಳೆ ಯಾರೂ ಮಕ್ಕಳ ರೊಟ್ಟೀನ ಅಕ್ಕಪಕ್ಕ ಇಟ್ಟು ಯಾರದು ದುಂಡಗಿದೆ ಅಂತ ನೋಡಬಾರದು. ಪ್ರತಿ ಮಗುವೂ ತಾನು ಮಾಡಿದ್ದನ್ನ ತಾನೂ ತಿಂದು, ಒಂದು ಚೂರು ಬೇರೆಯವರಿಗೂ ಕೊಟ್ಟು ಏಳಬೇಕು. ಅಷ್ಟಾದರೆ ಬ್ರೆಡ್ಡಿನ ವಾರ ಸಾರ್ಥಕ.”